ಕಾಫಿಗೆ ಮುಂಚಿನ ಮಾತ್ರೆ

ಪ್ರಮೀಳಾ ನಡೆಯುವುದನ್ನು ವಾರ್ಡಿನಲ್ಲಿ ಯಾರೂ ಕಂಡಿರಲಿಲ್ಲ, ಓಡುವುದನ್ನೇ ಕಂಡಿದ್ದು. ಹುಟ್ಟಿದ್ದು ಕೊತ್ತಗೆರೆಯ ರೈತರ ಮನೆಯಲ್ಲಿ. ಈಗ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್, ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಮಗಳು ಇಂಪನಾಳ ಜಡೆ ಹೆಣೆಯುವಾಗಲೇ ಪ್ರಮೀಳಾಳ ಒಂದು ಕಾಲು ಚಪ್ಪಲಿಯೊಳಗೆ ಇರುತ್ತಿತ್ತು. ಮಾತೂ ಹಾಗೇ, ಒಂದರ ಬಾಲ ಹಿಡಿದು ಇನ್ನೊಂದು. ಅವಳನ್ನು ಶುಗರ್, ಥೈರಾಯ್ಡ್ ರೋಗಿಗಳ ವಾರ್ಡಿಗೆ ಹಾಕಿದಾಗ, "ಅಲ್ಲೇನಿದೆ, ಕೂತು ನಿದ್ದೆ ಮಾಡ್ಬೇಕು ಅಷ್ಟೆ" ಎಂದು ಗೊಣಗಿದ್ದಳು.

ಆ ವಾರ್ಡಿಗೆ ಹುಲಿಯೂರುದುರ್ಗದ ಕಡೆಯಿಂದ ರಂಗಮ್ಮ ಬಂದು ಸೇರಿದರು. ಬಿರುಬೇಸಿಗೆಯಲ್ಲೂ ಮೈಮೇಲೆ ಸ್ವೆಟರ್. ಮುಖ ಊದಿತ್ತು, ಚರ್ಮ ಒಣಗಿ ಹೊಟ್ಟು ಏಳುತ್ತಿತ್ತು, ನಾಡಿ ನಿಧಾನ. ಪಕ್ಕದಲ್ಲಿ ಗಂಡ ಸಿದ್ದಗಂಗಯ್ಯ ಬ್ಯಾಗು ಹಿಡಿದು ನಿಂತಿದ್ದರು.

"ಹೆಸರೇನಮ್ಮ? ತಿಂಡಿ ಆಯ್ತಾ? ಮೋಷನ್ ಸರಿಯಾಗಿ ಆಗ್ತಿದ್ಯಾ?" ಪ್ರಮೀಳಾ ಒಂದೇ ಉಸಿರಿಗೆ ಕೇಳಿದಳು.

ರಂಗಮ್ಮ ಮೆಲ್ಲಗೆ ಕಣ್ಣೆತ್ತಿದರು. "ರಂ...ಗಮ್ಮ" ಎಂದು ಒಡಕು ದನಿ ಹೊರಬರುವಷ್ಟರಲ್ಲಿ ಪ್ರಮೀಳಾ ಪಕ್ಕದ ಮಂಚಕ್ಕೆ ಹೋಗಿಯಾಗಿತ್ತು. ಆ ಉತ್ತರ ಕೇಳಿಸಿಕೊಂಡಿದ್ದು ಡ್ರಿಪ್ ಸ್ಟ್ಯಾಂಡು ಮಾತ್ರ.

"ಎರಡು ವರ್ಷದಿಂದ ಹಿಂಗೇ ತಾಯಿ" ಎಂದರು ಸಿದ್ದಗಂಗಯ್ಯ. "ಮೊದ್ಲು ಇವ್ಳು ತೋಟದಲ್ಲಿ ನಿಂತು ಕೂಗಿದ್ರೆ ಊರಾಚೆಗಂಟ ಕೇಳ್ತಿತ್ತು. ವಯಸ್ಸಾಯ್ತು, ಈಗ ಬುದ್ಧಿ ಬಂತು ಅಂತ ನಾನೂ ಸುಮ್ಕಿದ್ದೆ."

ರಕ್ತಪರೀಕ್ಷೆ ಬೇರೆಯೇ ಹೇಳಿತು. ರಂಗಮ್ಮನ ಥೈರಾಯ್ಡ್ ಗ್ರಂಥಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿತ್ತು. ಡಾಕ್ಟರು ಸಣ್ಣ ಡೋಸಿನಲ್ಲಿ ಮಾತ್ರೆ ಶುರು ಮಾಡಿದರು. "ಇವರಿಗೆ ಯಾವುದಕ್ಕೂ ಅವಸರ ಮಾಡಬೇಡಿ ಸಿಸ್ಟರ್. ನೀವು ಕೇಳಿದ್ದು ಒಳಗೆ ಹೋಗೋಕೂ ಟೈಮ್ ಬೇಕು, ಉತ್ತರ ಬರೋಕೂ ಟೈಮ್ ಬೇಕು" ಎಂದರು.

ಪ್ರಮೀಳಾಗೆ ಅದು ಸೂಜಿ ಚುಚ್ಚುವುದಕ್ಕಿಂತ ಕಷ್ಟದ ಕೆಲಸವಾಯಿತು. ಒಂದು ಪ್ರಶ್ನೆ ಕೇಳಿ ತುಟಿ ಕಚ್ಚಿಕೊಂಡು ನಿಲ್ಲುವಳು. ಚಳಿಗೆ ಇನ್ನೊಂದು ಕಂಬಳಿ ಹೊದಿಸುವಳು. ಸೊಪ್ಪು, ಹಣ್ಣು, ನೀರು ಎಂದು ಪುಸಲಾಯಿಸುವಳು. ಒಂದು ಮಧ್ಯಾಹ್ನ ಒಡೆದ ಹಿಮ್ಮಡಿಗೆ ಕೊಬ್ಬರಿಎಣ್ಣೆ ಹಚ್ಚುತ್ತಾ ಕೂತಿದ್ದಾಗ ರಂಗಮ್ಮ ತಾವಾಗಿಯೇ ಬಾಯಿ ತೆರೆದರು.

"ನಾನ್ ಒಂದ್ ಮಾತ್ ಶುರು ಮಾಡಿದ್ರೆ... ಮುಗಿಯೋಗಂಟ ಯಾರೂ ಕಾಯಲ್ಲ ಕಣವ್ವ. ಅರ್ಧಕ್ಕೇ ಎದ್ದೋಯ್ತಾರೆ. ಅದ್ಕೇ ಬುಟ್ಬುಟ್ಟೆ. ನನ್ ಕಥೆ ಇಷ್ಟೇ ಅಂದ್ಕಂಡೆ."

ಎಣ್ಣೆ ಹಚ್ಚುತ್ತಿದ್ದ ಪ್ರಮೀಳಾ ತಲೆಯೆತ್ತಿ ನೋಡಿದಳು. ಮೊದಲ ದಿನ ಎದ್ದುಹೋದವರಲ್ಲಿ ತಾನೂ ಒಬ್ಬಳು. "ಇಷ್ಟೇ ಅಲ್ಲ ಬಿಡಿ ಅಜ್ಜಿ, ಇದು ವಾಸಿಯಾಗೋ ಸುಸ್ತು" ಎಂದಳು. ಆಮೇಲೆ ಏನೂ ಕೇಳದೆ ಇನ್ನೊಂದು ಕಾಲಿಗೂ ಎಣ್ಣೆ ಹಚ್ಚಿದಳು.

ಮನೆಗೆ ಹೋದ ರಂಗಮ್ಮ ಎರಡು ತಿಂಗಳಾದ ಮೇಲೆ ತಪಾಸಣೆಗೆ ಬಂದಾಗ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಡಾಕ್ಟರಿಗೆ ಅನುಮಾನ ಬಂತು. "ಮಾತ್ರೆ ಯಾವಾಗ ತಗೋತೀರಿ?"

"ಬೆಳಿಗ್ಗೆ ಎದ್ದೇಟ್ಗೆ, ಕಾಫಿ ಜೊತೇಲಿ" ಎಂದರು ಸಿದ್ದಗಂಗಯ್ಯ ಹೆಮ್ಮೆಯಿಂದ.

"ಅವತ್ತು ಮನೆಗೆ ಕಳಿಸೋವಾಗ ಅದನ್ನೇ ಬೇಡ ಅಂದಿದ್ದು. ಕಾಫಿ ಜೊತೆ ಹೋದರೆ ಮೈಗೆ ಸರಿಯಾಗಿ ಹತ್ತಲ್ಲ" ಎಂದ ಡಾಕ್ಟರು ಇಬ್ಬರನ್ನೂ ಪ್ರಮೀಳಾ ಹತ್ತಿರ ಕಳಿಸಿದರು.

ಬೆಳಿಗ್ಗೆ ಎದ್ದು ಕೂತವರಿಗೆ ಕಾಫಿ ಬೇಡ ಅನ್ನುವುದು ಹೇಗೆ? ಕೊತ್ತಗೆರೆಯಲ್ಲಿ ತನ್ನ ತಾಯಿಯೂ ಅಂಥ ಮಾತು ಕೇಳುತ್ತಿರಲಿಲ್ಲ. ಪ್ರಮೀಳಾ ಯೋಚಿಸಿ, "ಹಾಲು ಕರೆಯೋರು ಯಾರು ನಿಮ್ಮನೇಲಿ?" ಎಂದಳು.

"ಈಗ ನಾನೇಯ" ಎಂದರು ಸಿದ್ದಗಂಗಯ್ಯ.

"ಹಂಗಾದ್ರೆ ಕೊಟ್ಟಿಗೆಗೆ ಹೋಗೋ ಮುಂಚೆ ಬರೀ ನೀರಲ್ಲಿ ಮಾತ್ರೆ ನುಂಗ್ಸಿ. ಹಾಲು ಕರೆದು, ಡೈರಿಗೆ ಹಾಕಿ ವಾಪಸ್ ಬನ್ನಿ. ಆಮೇಲೆ ಇಬ್ರೂ ಜೊತೇಲಿ ಕಾಫಿ ಕುಡೀರಿ."

"ಅಂದ್ರೆ ನಾನೂ ಅಲ್ಲೀಗಂಟ ಕುಡೀಬಾರ್ದಾ?"

"ಬಾರ್ದು. ನೀವು ಕುಡುದ್ರೆ ವಾಸನೆಗೆ ಅಜ್ಜಿನೂ ಕೇಳ್ತಾರೆ."

ಸಿದ್ದಗಂಗಯ್ಯ ಮುಖ ಕಿವಿಚಿಕೊಂಡರೂ ಒಪ್ಪಿದರು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ದಿನ ಓಪಿಡಿ ಕಡೆಯಿಂದ ಜೋರು ದನಿಯೊಂದು ಕೇಳಿತು. "ಆಸ್ಪತ್ರೆ ಚೀಟಿ ಜೋಬಲ್ಲಿ ಇಟ್ಕಾ ಅಂದ್ರೆ ಬಸ್ಸಲ್ಲಿ ಬುಟ್ಟಿದ್ದೀಯಲ್ಲ, ನಿನ್ ತಲೆ ಎಲ್ಲಿ ಬುಟ್ಟಿದ್ದೀಯ?"

ಏನು ಗಲಾಟೆ ಎಂದು ಪ್ರಮೀಳಾ ಹೊರಗೆ ಬಂದಳು. ಹಸಿರು ಸೀರೆಯುಟ್ಟು, ಸ್ವೆಟರಿಲ್ಲದೆ ನೆಟ್ಟಗೆ ನಿಂತಿದ್ದ ಹೆಂಗಸು ಯಾರೆಂದು ತಕ್ಷಣ ಹೊಳೆಯಲಿಲ್ಲ.

"ಏನವ್ವ ಹಂಗ್ ನೋಡ್ತೀಯಾ, ಗುರ್ತು ಸಿಗ್ನಿಲ್ವಾ? ರಂಗಮ್ಮ ಕಣೇ!"

ಪ್ರಮೀಳಾ ಓಡಿಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು. ಕೈ ಬೆಚ್ಚಗಿದ್ದವು. ಸೊಸೆಯ ಸೀಮಂತ, ಹಸು ಈದದ್ದು, ಮತ್ತೆ ತಾವೇ ಹಾಲು ಕರೆಯುತ್ತಿರುವುದು, ಎಲ್ಲವನ್ನೂ ರಂಗಮ್ಮ ಒಂದೇ ಸಮನೆ ಹೇಳಿದರು. ನಡುವೆ ಬಾಯಿ ಹಾಕಲು ಪ್ರಮೀಳಾಗೇ ಜಾಗ ಸಿಗಲಿಲ್ಲ.

ಸಿದ್ದಗಂಗಯ್ಯ ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳಿದರು: "ಸಿಸ್ಟರಮ್ಮ, ಆ ಮಾತ್ರೆನ ಒಂಚೂರು ಕಮ್ಮಿ ಮಾಡ್ಸಕ್ಕಾಯ್ತದಾ?"

ಕೇಳಿದ್ದು ಹಾಗೆ, ಆದರೆ ಮುಖದ ತುಂಬ ನಗು. ಡಾಕ್ಟರು ಡೋಸು ಕಡಿಮೆ ಮಾಡಲಿಲ್ಲ. ಹೀಗೇ ಮುಂದುವರಿಸಿ ಎಂದು ಬರೆದುಕೊಟ್ಟರು. ದಂಪತಿ ಊರ ಕಡೆಯ ಕುಣಿಗಲ್ ಬಸ್ಸಿಗೆ ಹೊರಟಾಗ, ಚೀಟಿಯನ್ನು ಈ ಸಲ ರಂಗಮ್ಮ ತಮ್ಮ ಸೆರಗಿನ ತುದಿಗೇ ಗಂಟು ಹಾಕಿಕೊಂಡರು.