ಎಡಗೈ ರೊಟ್ಟಿ

ಈರಪ್ಪ ಕಾಕಾ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಮನೆಯವರ ಮುಖವನ್ನಲ್ಲ, ಗೋಡೆಯನ್ನು. ಬೂಟು ಬಿಚ್ಚಿ, ಮಂಕಿ ಕ್ಯಾಪನ್ನು ತಲೆಯ ಮೇಲೇ ಉಳಿಸಿಕೊಂಡು, ಕಿಟಕಿಯ ಮೂಲೆಯಲ್ಲಿ ಬಿರುಕು ಕಂಡರೆ ಅದರ ಮೇಲೆ ಹೆಬ್ಬೆರಳಿಟ್ಟು ಒಂದು ನಿಮಿಷ ನಿಲ್ಲುತ್ತಿದ್ದರು. ಆಮೇಲೆ ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೀಟೆಳೆದು, ಪಕ್ಕದಲ್ಲಿ ತಾರೀಖು ಬರೆದು, "ಮುಂದಿನ ಸಲ ನೋಡೂಣು, ದಾಟೇತೇನು ಅಂತ" ಎನ್ನುತ್ತಿದ್ದರು. ಐವತ್ತು ವರ್ಷದ ಹಿಂದೆ ಗದಗಿನಿಂದ ಈ ಹಿಮದ ದೇಶಕ್ಕೆ ಬಂದ ಎಂಜಿನಿಯರು; ಹೆದ್ದಾರಿ ಸೇತುವೆಗಳನ್ನು ಪರೀಕ್ಷೆ ಮಾಡಿ ಮಾಡಿ ರಿಟೈರಾದವರು. ವಿಟ್ಬಿಯ ನಮ್ಮ ಮನೆಯಲ್ಲಿ ಅಂಥ ಏಳು ಗೀಟುಗಳಿವೆ. ಮನೆ ಮಾರುವಾಗ ಏನು ಹೇಳಬೇಕೋ ನಮಗೆ ಗೊತ್ತಿಲ್ಲ.

ಮೈಮೇಲಿನ ಊತವೂ ಅವರಿಗೆ ಬಿರುಕಿನ ಹಾಗೆಯೇ. ಇಲ್ಲಿನ ಕನ್ನಡದವರಲ್ಲಿ ಯಾರಾದರೂ ಸ್ಕೀ ಮಾಡಲು ಹೋಗಿ ಮೊಣಕಾಲು ತಿರುಚಿಕೊಂಡರೆ, ಸ್ನೋಬೋರ್ಡಿನಿಂದ ಉರುಳಿ ಭುಜ ಜಜ್ಜಿಕೊಂಡರೆ, ಸ್ಕಾರ್‌ಬರೋದ ಕಾಕಾ ಮನೆಯ ಬೇಸ್‌ಮೆಂಟಿಗೆ ಹೋಗುವುದು ವಾಡಿಕೆ. ಅವರ ಮೊದಲ ಪ್ರಶ್ನೆ ಎಕ್ಸ್‌ರೇ ಆಯಿತೇ ಎಂಬುದು. ಆಗಿಲ್ಲ ಎಂದರೆ, ಕುಂಟುತ್ತಾ ಬಂದವರನ್ನು ಚಹಾ ಕೂಡ ಕೊಡದೆ ಆಸ್ಪತ್ರೆಗೆ ಅಟ್ಟುತ್ತಿದ್ದರು. "ಎಲುಬು ಡಾಕ್ಟರಂದು, ನೋವಷ್ಟ ನಮ್ದು" ಎನ್ನುವುದು ಅವರ ಕಾನೂನು. ಆಗಿದ್ದರೆ, ಊತದ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ತಾರೀಖು ಹಾಕುತ್ತಿದ್ದರು. ಕಾಲೇಜು ಹುಡುಗರು ಪಾದದ ಮೇಲೆ ತಾರೀಖು ಹೊತ್ತುಕೊಂಡೇ ಕೆಲಸದ ಶಿಫ್ಟಿಗೆ ಹೋಗುತ್ತಿದ್ದರು.

ಔಷಧಿ ಎರಡೇ. ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಗಂಟು, ಬೆಳ್ಳುಳ್ಳಿ ಅಜವಾನ ಹಾಕಿ ಕಾಯಿಸಿದ ಎಳ್ಳೆಣ್ಣೆ. ಒಬ್ಬ ಹುಡುಗ, ಇದು ನ್ಯಾಚುರಲ್ ಅಲ್ವಾ ಕಾಕಾ, ಏನೂ ಅಪಾಯ ಇಲ್ಲ ಎಂದದ್ದಕ್ಕೆ, "ಐಸೂ ನ್ಯಾಚುರಲ್ ಐತಲ್ಲೋ, ಅದರ ಮ್ಯಾಲ ಬಿದ್ದ ನೀ ಇಲ್ಲಿಗಿ ಬಂದಿ" ಎಂದರಂತೆ. ನಗಲಿಲ್ಲವಂತೆ. ಕಾಕಾ ನಕ್ಕಿದ್ದನ್ನು ನಾನೂ ನೋಡಿಲ್ಲ.

ನನಗೆ ನಲವತ್ತೇಳನೇ ವಯಸ್ಸಿನಲ್ಲಿ ಸ್ಕೇಟಿಂಗ್ ಕಲಿಯುವ ಬುದ್ಧಿ ಬಂತು. ಯಾರೂ ಕಲಿ ಅಂದಿರಲಿಲ್ಲ. ಹಳೇ ಸ್ಕೇಟುಗಳನ್ನು ಕೊಂಡೆ, ವಿಡಿಯೋ ನೋಡಿದೆ, ಬೇಡ ಬೇಡ ಅನ್ನುತ್ತಿದ್ದ ಹೆಂಡತಿ ಸುಮಾಳನ್ನೂ ಎಬ್ಬಿಸಿಕೊಂಡು ಜನವರಿಯ ಒಂದು ಭಾನುವಾರ ಪಾರ್ಕಿನ ಐಸ್ ರಿಂಕಿಗೆ ಹೋದೆ. ಬೀಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳಬಾರದು ಎಂದು ವಿಡಿಯೋದವನು ಸ್ಪಷ್ಟವಾಗಿ ಹೇಳಿದ್ದ. ನನ್ನ ಕೈಗೆ ಸಿಕ್ಕಿದ್ದು ಸುಮಾ. ನನಗೆ ಒಂದು ತರಚು ಗಾಯವೂ ಆಗಲಿಲ್ಲ. ಅವಳ ಎಡಗೈ ಮಣಿಕಟ್ಟು ಮುರಿಯಿತು.

ಸುಮಾ ವೀಣೆಯವಳು. ಬೇಸ್‌ಮೆಂಟಿನಲ್ಲಿ ಆರು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಎಡಗೈ ಮಣಿಕಟ್ಟು ಚೆನ್ನಾಗಿ ಬಾಗದಿದ್ದರೆ ಬೆರಳು ವೀಣೆಯ ಮೆಟ್ಟಿಲಿನ ಮೇಲೆ ಕೂರುವುದಿಲ್ಲ, ತಂತಿ ಎಳೆಯಲಾಗುವುದಿಲ್ಲ. ಆರು ವಾರದ ಮೇಲೆ ಪ್ಲಾಸ್ಟರು ಬಿಚ್ಚಿದಾಗ ಕೈ ಒಣಗಿದ ಕಡ್ಡಿಯಂತೆ ನೆಟ್ಟಗೆ ನಿಂತಿತ್ತು. ಮೂಳೆ ಕೂಡಿದೆ, ಬಾಗುವುದು ನಿಧಾನ, ಪೂರ್ತಿ ಬರಬಹುದು, ಬಾರದಿರಲೂಬಹುದು ಎಂದರು ಡಾಕ್ಟರು. ಸುಮಾ ಮನೆಗೆ ಬಂದು ವೀಣೆಗೆ ಹಳೇ ಸೀರೆ ಹೊದಿಸಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ಸ್ವಲ್ಪ ನಿದ್ದೆ ಮಾಡುತ್ತಿದ್ದೆನೋ ಏನೋ.

ಆ ಶನಿವಾರ ಕಾಕಾ, ಅವರ ಹೆಂಡತಿ ಕಾಕು ಇಬ್ಬರೂ ಬಂದರು. ಕಾಕಾ ಗೋಡೆ ನೋಡಿದರು, ಡಾಕ್ಟರ ಚೀಟಿ ನೋಡಿದರು, ಫಿಸಿಯೋಥೆರಪಿಯವರು ಕೊಟ್ಟ ವ್ಯಾಯಾಮದ ಹಾಳೆಯನ್ನು ನಕಾಶೆ ಓದುವಂತೆ ತಿರುಗಿಸಿ ತಿರುಗಿಸಿ ಓದಿ, ಕೆಳಗೆ ಸಹಿ ಹಾಕಿದರು. ಜೇಬಿನಿಂದ ಶಾಲೆಯ ಮಕ್ಕಳ ಕೋನಮಾಪಕ ತೆಗೆದು ಎರಡೂ ಮಣಿಕಟ್ಟು ಅಳೆದರು. ಬಲಗೈ ಎಪ್ಪತ್ತೈದು ಡಿಗ್ರಿ, ಎಡಗೈ ಇಪ್ಪತ್ತು. ಫ್ರಿಜ್ಜಿನ ಮೇಲೊಂದು ಕಾಗದ ಅಂಟಿಸಿ ಬರೆದರು. ಎಪ್ಪತ್ತೈದಾಗುವ ತನಕ ತಾವು ಈ ಕೆಲಸ ಬಿಡುವುದಿಲ್ಲ ಎಂದರು.

ನನಗೆ ಉಪ್ಪು ಹುರಿಯಲು ಹೇಳಿದರು. ದಪ್ಪ ಉಪ್ಪು ಬೇಕು ಎಂದರು. ಅಡುಗೆಮನೆಯಲ್ಲಿ ಪುಡಿ ಉಪ್ಪು ಮಾತ್ರ ಇತ್ತು. ಗರಾಜಿನಲ್ಲಿ ಡ್ರೈವ್‌ವೇ ಮೇಲಿನ ಐಸು ಕರಗಿಸಲು ಚೆಲ್ಲುವ ದಪ್ಪ ಉಪ್ಪಿನ ದೊಡ್ಡ ಚೀಲ ಇತ್ತು. ಅದನ್ನೇ ಎರಡು ಹಿಡಿ ತಂದು ಬಾಣಲೆಗೆ ಹಾಕಿದೆ. ಕಾಕಾ ಬಂದು ಒಂದು ಹರಳು ಎತ್ತಿ, ಕನ್ನಡಕ ಮೇಲೆ ಮಾಡಿ ಬಹಳ ಹೊತ್ತು ನೋಡಿದರು.

"ಇದು ರಸ್ತೆಗಿ ಹಾಕೂದೋ ತಮ್ಮಾ. ಮೂವತ್ತು ವರ್ಷ ಇದ ಉಪ್ಪ ನನ್ನ ಬ್ರಿಜ್ಜಿನ ಕಬ್ಬಿಣ ತಿಂದೈತಿ. ಈಗ ಸುಮವ್ವನ ಕೈಗೂ ಬಿಡ್ತಿಯೇನು?"

ಬಾಣಲೆ ಸಮೇತ ಹೊರಗೆ ಎಸೆಯಿಸಿದರು. ಅಂಗಡಿಗೆ ಓಡಿಹೋಗಿ ತಿನ್ನುವ ಕಲ್ಲುಪ್ಪು ತಂದೆ. ಅದನ್ನು ಹುರಿದು ಕಟ್ಟಿದ ಗಂಟನ್ನು ಕಾಕಾ ಮೊದಲು ತಮ್ಮ ಕೆನ್ನೆಗೆ ಒತ್ತಿ ಬಿಸಿ ನೋಡಿ, ಆಮೇಲೆ ಸುಮಾಳ ಕೈಗೆ ಇಟ್ಟರು. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಭುಜ ಕೆಳಗಿಳಿದದ್ದನ್ನು ನೋಡಿದೆ. ಅಷ್ಟು ದಿನ ಅವಳು ನೋವಿಗೆ ಭುಜ ಬಿಗಿಹಿಡಿದಿದ್ದಳು ಎಂಬುದೇ ನನಗೆ ತಿಳಿದಿರಲಿಲ್ಲ, ಇಂಥ ಗಂಡ ನಾನು.

ಶಾಖ ಕೊಟ್ಟ ಮೇಲೆ ಕೈಗೆ ಕೆಲಸ. ಫಿಸಿಯೋದವರು ಹಿಚುಕಲು ರಬ್ಬರಿನಂಥ ಒಂದು ಹಸಿರು ಮುದ್ದೆ ಕೊಟ್ಟಿದ್ದರು. ಮೂಸಿ ನೋಡಿ ಕಾಕಾ ಅದನ್ನು ಪಕ್ಕಕ್ಕಿಟ್ಟರು. ಫಿಸಿಯೋದವರಿಗೆ ನಮ್ಮ ಕಡೆಯಿಂದಲೇ ಫೋನು ಮಾಡಿಸಿ, ಹಿಟ್ಟು ನಾದಿ ಬಡಿದರೆ ಆದೀತೇ ಎಂದು ಕೇಳಿಸಿದರು. ನೋವು ಹೆಚ್ಚಾದರೆ ನಿಲ್ಲಿಸಿ ಎಂದರು ಅವರು. ಕಾಕಾ ಕಾರಿನಿಂದ ಜೋಳದ ಹಿಟ್ಟಿನ ಚೀಲ ತಂದರು. ಮೈಸೂರಿನ ಸುಮಾ ಹುಟ್ಟಾ ಜೋಳದ ರೊಟ್ಟಿ ಬಡಿದವಳಲ್ಲ. ಕಾಕು ಪಕ್ಕದಲ್ಲಿ ನಿಂತು, ಅಂಗೈ ಹೀಗೆ, ಅಂಚು ಹೀಗೆ ಎಂದು ತೋರಿಸಿಕೊಟ್ಟರು. ಸುಮಾ ಬಲಗೈ ಎತ್ತಿದಳು. ಕಾಕಾ ಅದನ್ನು ಹಿಡಿದು ಅವಳ ಸೊಂಟದ ಹಿಂದೆ ಇರಿಸಿ, ಎಡಗೈಲೇ ಬಡಿಯಬೇಕು ಎಂದರು.

ಕಾಕುಗೆ ಸಿಟ್ಟು ಬಂತು. ಅನ್ನಕ್ಕೆ ಮರ್ಯಾದೆ ಬೇಡವೇ, ಎಂಬತ್ತಕ್ಕೆ ಬಂದರೂ ಇವರಿಗೆ ರೀತಿ ರಿವಾಜು ಗೊತ್ತಿಲ್ಲವೇ ಎಂದು ಗದಗಿನ ತನಕ ಕೇಳುವಂತೆ ಅಂದರು. ಕೊನೆಗೆ, "ಎಡಗೈಲೆ ಬಡದ ರೊಟ್ಟಿ ಯಾರ ತಿಂತಾರ?" ಎಂದು ಸೊಂಟಕ್ಕೆ ಕೈಯಿಟ್ಟರು.

ಕಾಕಾ ನನ್ನ ಕಡೆ ಬೆರಳು ಮಾಡಿದರು. "ಬೀಳಿಸಿದಂವ ತಿಂತಾನ."

ಸುಮಾ ಮುಖ ಆಚೆ ತಿರುಗಿಸಿದಳು. ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ನಾನು ಹತ್ತಿರ ಹೋದರೆ, ನಗುತ್ತಿದ್ದಳು. ಆಮೇಲೆ ನನ್ನನ್ನು ನೋಡಿ, ಸ್ಕೇಟಿಂಗ್ ಅಂತೆ ಸ್ಕೇಟಿಂಗು, ಮುಖ ನೋಡು ಎಂದು ಶುರುಮಾಡಿ ಹತ್ತು ನಿಮಿಷ ಬೈದಳು. ಜನವರಿಯಿಂದ ಕೂಡಿಟ್ಟಿದ್ದೆಲ್ಲ ಬಂತು. ಕಾಕಾ ಗಡಿಯಾರ ನೋಡುತ್ತಾ ಕೂತಿದ್ದರು. ನನಗೆ ಆದ ಹಗುರವನ್ನು ಹೇಳಲಾರೆ.

ಮೊದಲ ವಾರದ ರೊಟ್ಟಿಗಳಿಗೆ ಆಕಾರವಿರಲಿಲ್ಲ. ಒಂದು ಬದಿ ಹಪ್ಪಳ, ಇನ್ನೊಂದು ಬದಿ ಮಣೆ. ನಾನು ತಿಂದೆ. ಲಂಚ್ ಡಬ್ಬಿಗೂ ಹಾಕಿಕೊಂಡು ಹೋದೆ. ಆಫೀಸಿನಲ್ಲಿ ಏನದು ಎಂದು ಕೇಳಿದವರಿಗೆ ಫಿಸಿಯೋಥೆರಪಿ ಎಂದೆ. ಪ್ರತಿ ಶನಿವಾರ ಕಾಕಾ ಬಂದು ಮೊದಲು ಕೋನಮಾಪಕ, ಆಮೇಲೆ ಟೇಪು ಹಿಡಿದು ರೊಟ್ಟಿಯ ಅಗಲ, ದಪ್ಪ ಅಳೆದು ಕಾಗದಕ್ಕೆ ಏರಿಸುತ್ತಿದ್ದರು. ಮೂವತ್ತೈದು. ಐವತ್ತು. ಏಪ್ರಿಲ್‌ನಲ್ಲಿ ಅರವತ್ತಕ್ಕೆ ಬಂದಾಗ ಸುಮಾ ತಡೆಯಲಾರದೆ ಸೀರೆ ಸರಿಸಿ ವೀಣೆ ಹಿಡಿದಳು. ವೀಣೆಯ ದಂಡಿಗೆ ಕೈ ಸುತ್ತಿಕೊಳ್ಳಲಿಲ್ಲ. ನೋವಿಗೆ ಕಣ್ಣು ತುಂಬಿ ಮತ್ತೆ ಸೀರೆ ಹೊದಿಸಿದಳು. ಕಾಕಾಗೆ ಹೇಳಬೇಡ ಎಂದಳು. ಕಾಕಾ ಮುಂದಿನ ಶನಿವಾರ ಮಣಿಕಟ್ಟು ಮುಟ್ಟಿದ ಕೂಡಲೇ ಕಂಡುಹಿಡಿದರು. "ಅರ್ಧಾ ಕಟ್ಟಿದ ಬ್ರಿಜ್ ಮ್ಯಾಲ ಲಾರಿ ಬಿಟ್ಟಿ" ಎಂದು ಎರಡು ವಾರ ರೊಟ್ಟಿ ನಿಲ್ಲಿಸಿಬಿಟ್ಟರು.

ಮೇ ತಿಂಗಳಲ್ಲಿ ಒಂದು ಶನಿವಾರ ಕಾಕಾ ಬರಲಿಲ್ಲ. ಸ್ಟ್ರೋಕ್ ಎಂದು ಕಾಕು ಫೋನು ಮಾಡಿದರು. ಆಸ್ಪತ್ರೆಗೆ ಹೋದಾಗ ಮಂಕಿ ಕ್ಯಾಪ್ ಇಲ್ಲದ ಅವರ ತಲೆ ತೀರಾ ಸಣ್ಣದಾಗಿ ಕಂಡಿತು. ಬಲಗೈ ಚಾದರದ ಮೇಲೆ ಬಿದ್ದಿತ್ತು. ಮಾತು ಎಳೆದೆಳೆದು ಬರುತ್ತಿತ್ತು. ಸುಮಾ ನರ್ಸನ್ನು ಕೇಳಿಕೊಂಡು ಆ ಕೈಗೆ ಎಳ್ಳೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕತೊಡಗಿದಳು. ನೋಯುತ್ತಾ ಕಾಕಾ ಎಂದು ಕೇಳಿದಳು.

"ಇಲ್ಲವ್ವಾ" ಎಂದರು. "ನೋವಿದ್ರ ಏನರ ಮಾಡಬಹುದಿತ್ತು."

ಸುಮಾ ತಿಕ್ಕುವುದನ್ನು ನಿಲ್ಲಿಸಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಕಾಕಾ ಅವಳ ಎಡಗೈ ಬಾಗಿಸಿ ತೋರಿಸಲು ಹೇಳಿದರು. ಕೋನಮಾಪಕ ಇರಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದರು. "ಎಪ್ಪತ್ತು" ಎಂದರು. "ಇನ್ನೂ ಐದ ಬಾಕಿ."

ಅದಾಗಿ ಎಂಟು ದಿನಕ್ಕೆ ಕಾಕಾ ತೀರಿಕೊಂಡರು.

ಜೂನ್ ಕೊನೆಗೆ ಒಂದು ಬೆಳಗ್ಗೆ ಸುಮಾ ಕೋನಮಾಪಕವೊಂದನ್ನು ನನಗೆ ಕೊಟ್ಟು, ಕೈ ಚಾಚಿ, ಅಳೆ ಎಂದಳು. ಅಳೆದೆ. ನಂಬದೆ ಇನ್ನೊಂದು ಸಲ ಅಳೆಸಿದಳು. ಎಪ್ಪತ್ತೈದು. ಅವಳು ವೀಣೆಯ ಮೇಲಿನ ಸೀರೆ ತೆಗೆದು, ತಂತಿ ಬಿಗಿದು, ಹೊಸದಾಗಿ ಕಲಿಯುವವಳ ಹಾಗೆ ಸರಳೆ ವರಸೆಯಿಂದ ಶುರುಮಾಡಿ ಅರ್ಧ ಗಂಟೆ ನುಡಿಸಿದಳು. ನಾನು ಅತ್ತೆ, ಮುಚ್ಚಿಡುವುದೇನಿದೆ. ಆಮೇಲೆ ಕಾಕುಗೆ ಫೋನು ಮಾಡಿ, ಪೂರ್ತಿ ಬಂತು ಕಾಕು, ಎಪ್ಪತ್ತೈದು ಎಂದೆವು.

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಹೌದಾ?" ಎಂದರು ಕಾಕು. "ತಡೀರಿ, ಅವರಿಗೆ ಹೇಳಿ ಬರ್ತೀನಿ."