ನಾನು ತಪ್ಪು ಹಾಕಿದ ದ್ವೀಪ

ಬೆಳಿಗ್ಗೆ ಪಾಂಡವಪುರದ ಮನೆಯಲ್ಲಿ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಫೋನಿಗೊಂದು ಫೋಟೋ ಬಂತು. ಯಾವುದೋ ಮಗುವಿನ ಉತ್ತರಪತ್ರಿಕೆ. 'ನಮ್ಮೂರ ಹೊಳೆ ಒಂದೊಂದು ಸಲ ಹಿಂದಕ್ಕೆ ಹರಿಯುತ್ತದೆ' ಅಂತ ದುಂಡಗೆ ಬರೆದಿದೆ. ಕಳಿಸಿದವಳು ನಸೀಮಾ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ಅಕ್ಕಿಹೆಬ್ಬಾಳಿನಲ್ಲಿ ಟೀಚರು. ಕೆಳಗೆ ಅವಳದೇ ಪ್ರಶ್ನೆ: 'ತಪ್ಪು ಹಾಕ್ಲಾ ಮಿಸ್?' ಕಳ್ಳಿ! ಬೇಕೂಂತಲೇ ನನ್ನನ್ನು ಕೇಳಿದ್ದಾಳೆ.

ಯಾಕೆ ಅಂತ ಹೇಳುತ್ತೇನೆ, ಕೇಳಿ. ನಾನು ದೇವಲಾಪುರದವಳು. ನಮ್ಮ ಕಡೆ ಮಳೆ ಬಂದರೆ ಹಳ್ಳ, ನಿಂತರೆ ಮರಳು. ಅಂಥವಳು ಶ್ರೀರಂಗಪಟ್ಟಣಕ್ಕೆ ಭೂಗೋಳ ಹೇಳಲು ಹೋದೆ. ಹೊಸ ಕೆಲಸ, ಹೊಸ ಕೆಂಪು ಪೆನ್ನು, ಜಂಬ ಕೇಳಬೇಕೆ! ಪರೀಕ್ಷೆಯಲ್ಲಿ 'ದ್ವೀಪಕ್ಕೆ ಒಂದು ಉದಾಹರಣೆ ಕೊಡಿ' ಅಂದಿದ್ದೆ. ಎಲ್ಲರೂ ಶ್ರೀಲಂಕಾ ಅಂತ ಬರೆದರೆ ನಸೀಮಾ ಒಬ್ಬಳು 'ನಮ್ಮೂರು' ಅಂತ ಬರೆದಿದ್ದಳು. ನದಿಗೆ ಪ್ರವಾಹ ಯಾವಾಗ ಬರುತ್ತದೆ ಅನ್ನುವುದಕ್ಕೆ 'ಬಿಸಿಲಿದ್ದಾಗಲೂ ಬರುತ್ತದೆ' ಅಂದಿದ್ದಳು. ಅಧಿಕಪ್ರಸಂಗಿ ಅಂದುಕೊಂಡು ಎರಡಕ್ಕೂ ಪರಪರ ಗೀಟು ಎಳೆದೆ. ಸಾಲದ್ದಕ್ಕೆ ತರಗತಿಯಲ್ಲಿ ಓದಿ ನಗಿಸಿದೆ. ಆ ದ್ವೀಪದಲ್ಲೇ ಹುಟ್ಟಿದ ಮಕ್ಕಳೆಲ್ಲ ನನ್ನ ಜೊತೆ ನಕ್ಕವು ನೋಡಿ!

ಮರುದಿನದಿಂದ ನಸೀಮಾ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವರಪ್ಪ, ಟಾಂಗಾ ಓಡಿಸುವ ಬಾಷಾ ಸಾಬರು, ಶಾಲೆಯ ಮುಂದೆ ಗಾಡಿ ನಿಲ್ಲಿಸಿದರು. ಜಗಳಕ್ಕೇ ಬಂದರು ಅಂದುಕೊಂಡೆ.

"ಬೇಟಿ ಇಸ್ಕೂಲ್ಗೆ ಓಗಲ್ಲ ಅಂತ ಕುಂತ್ಬುಟ್ಟವ್ಳೆ ಮೇಡಂ. ತಪ್ಪು ಅವಳ್ದಾದ್ರೆ ನಾನೇ ಬೈದು ಕಳಿಸ್ತೀನಿ. ಒಂದ್ಸಾರಿ ಗಾಡಿ ಅತ್ತಿ. ನೀರು ದಾಟದಂಗೆ ಈ ಊರಿಂದ ಆಚೆ ಓಗೋ ದಾರಿ ತೋರ್ಸ್ಬುಡಿ, ಸಾಕು."

ಅದೇನು ಮಹಾ ಅಂತ ಹತ್ತಿದೆ. ಒಳಗೆ ನಸೀಮಾ ಮೂತಿ ಊದಿಸಿಕೊಂಡು ಕೂತಿದ್ದಳು. "ಮೈಸೂರು ಕಡೆ ಹೊಡೀರಿ" ಅಂದೆ. ಹೊಳೆ, ಸೇತುವೆ. "ಪಾಂಡವಪುರದ ಕಡೆ?" ಹೊಳೆ, ಸೇತುವೆ. ವಾರವಾರ ಬಸ್ಸಿನಲ್ಲಿ ಅದನ್ನೇ ದಾಟಿ ಬರುತ್ತಿದ್ದೆ, ತೂಕಡಿಸುತ್ತಾ! ಕೊನೆಗೆ ಗಂಜಾಂ ದಾಟಿ ಸಂಗಮಕ್ಕೆ ಬಂದೆವು. ಊರ ಪಡುವಣಕ್ಕೆ ಇಬ್ಭಾಗವಾಗಿ ಎರಡೂ ಕಡೆಯಿಂದ ಬಳಸಿ ಬಂದ ಕಾವೇರಿ ಅಲ್ಲಿ ಮತ್ತೆ ಒಂದಾಗುತ್ತಿದ್ದಳು. ಮುಂದೆ ರಸ್ತೆಯೇ ಇಲ್ಲ. ಕುದುರೆ ಕೂಡ ಕತ್ತು ತಿರುಗಿಸಿ ನನ್ನನ್ನು ನೋಡಿತು.

ತಲೆಯ ಮೇಲೆ ಚುರುಗುಟ್ಟುವ ಬಿಸಿಲು, ಚೂರು ಮೋಡವಿಲ್ಲ. ಕೆಳಗೆ ಕೆನ್ನೀರು ಮೆಟ್ಟಿಲು ಮೆಟ್ಟಿಲೇ ಏರುತ್ತಿತ್ತು.

"ಮಳೆ ಕೊಡಗ್ನಲ್ಲಿ ಉಯ್ತದೆ. ಕನ್ನಂಬಾಡಿ ಕಟ್ಟೆ ತುಂಬ್ತು ಅಂದ್ರೆ ನೀರು ಬುಡ್ತಾರೆ. ನಮ್ಗೆ ಬಿಸ್ಲಲ್ಲೇ ಹೊಳೆ ಬತ್ತದೆ ಮೇಡಂ" ಅಂದರು ಸಾಬರು.

ನಸೀಮಾ ನನ್ನ ಮುಖವನ್ನೇ ನೋಡುತ್ತಿದ್ದಳು. ಮೊದಲು ನಾಚಿಕೆಯಾಯಿತು, ಆಮೇಲೆ ತಡೆಯಲಾರದಷ್ಟು ನಗು ಬಂತು. ಮೂವರೂ ನಕ್ಕೆವು. ಮರುದಿನ ಅವಳು ಮೊದಲ ಬೆಂಚಿನಲ್ಲೇ ಬಂದು ಕೂತಳು. "ತಪ್ಪು ನಂದು ಕಣ್ರೇ" ಅಂತ ಎಲ್ಲರೆದುರು ಹೇಳಿ ಅವಳ ದ್ವೀಪಕ್ಕೆ 'ಸರಿ' ಹಾಕಿದೆ. ಬಿಟ್ಟಾಳೆಯೇ? "ಮಿಸ್, ಎರಡನೇದು?" ಅಂದಳು. ತರಗತಿ ಗೊಳ್ಳೆಂದಿತು, ಈ ಸಲ ನನ್ನನ್ನು ನೋಡಿ. ನನ್ನ ಕೆಲಸದಲ್ಲಿ ಅಷ್ಟು ಖುಷಿಯ ದಿನ ಇನ್ನೊಂದಿಲ್ಲ.

ಈಗ ಈ ಫೋಟೋ. ಅಕ್ಕಿಹೆಬ್ಬಾಳಿನ ಹೊಳೆಯೆಂದರೆ ಹೇಮಾವತಿ. ಅದು ಹಿಂದಕ್ಕೆ ಹರಿಯುವುದುಂಟೇ? ಜೀವಮಾನವಿಡೀ ಭೂಗೋಳ ಹೇಳಿದ ತಲೆ 'ಇಲ್ಲ' ಅಂತಲೇ ಹೇಳಿತು. ನಸೀಮಾಗೆ ಫೋನ್ ಮಾಡಿದೆ.

"ಆ ಮಗೂನ ಕೇಳಿದ್ಯೇನೇ?"

"ಕೇಳ್ದೆ ಮಿಸ್. ಕನ್ನಂಬಾಡಿ ಕಟ್ಟೆ ತುಂಬಿದಾಗ ಹಿನ್ನೀರು ಇಲ್ಲೀಗಂಟ ಏರ್ತದಂತೆ. ಅವಳು ಎಲೆ ತೇಲಿಬಿಟ್ಟು ನೋಡವ್ಳಂತೆ. ಈಗ ಕಟ್ಟೆ ತುಂಬೈತೆ."

"ಹಂಗಾದ್ರೆ ಪೆನ್ನು ಕೆಳಗಿಡು. ನಾನೂ ಬರ್ತೀನಿ."

"ಮಂಡಿ ನೋವು ಅಂತಿದ್ರಲ್ಲ ಮಿಸ್?"

ಅಂದಿದ್ದೆ, ನಿಜ. ವಾರದಿಂದ ಹೊಸಿಲು ದಾಟಿರಲಿಲ್ಲ. ಆಗಲೇ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತಿದ್ದೆ.

"ನೋವಿರ್ಲಿ ಬಿಡೇ. ಅಲ್ಲಿನ ಬಸ್ ಸ್ಟ್ಯಾಂಡಿಗೆ ನಿನ್ನ ಸ್ಕೂಟರು ತಗೊಂಡ್ ಬಾ. ಆ ಮಗೂಗೆ ಹೇಳು, ಮಿಸ್ಸಿನ ಮಿಸ್ಸು ಪಾಠ ಕೇಳೋಕೆ ಬರ್ತಾವ್ರೆ ಅಂತ."