ದೊಡ್ಡವ್ವ ಟೀವಿಯಲ್ಲಿ ಬಂದದ್ದು

ಅಟ್ಟದ ಕೊಬ್ಬರಿಯ ವಾಸನೆ ಮೂಗಿಗೆ ಬಡಿದರೆ ನಿಮಗೆ ಬಾಯಲ್ಲಿ ನೀರೂರಬಹುದು, ನನಗೆ ಸಿಟ್ಟು ಬರುತ್ತದೆ. ನಿನ್ನೆಯೂ ಬಂತು. ಅದೇ ಹೊತ್ತಿಗೆ ಗಿರಿಜಕ್ಕ ನಾಗಪುರದಿಂದ ಫೋನ್ ಮಾಡಿದಳು. "ಟೀವಿ ಹಾಕ್ಲಾ, ಅವ್ವ ಬತ್ತಾವ್ಳೆ!"

ಅವಳ ಅವ್ವ ಎಂದರೆ ನನ್ನ ದೊಡ್ಡವ್ವ. ತೀರಿಕೊಂಡು ಬಹಳ ವರ್ಷವಾಯಿತು. ಸರ್ಕಾರದ ಟೀವಿಯವರು ತಮ್ಮ ರಾಷ್ಟ್ರೀಯ ವಾಹಿನಿಯ ಹುಟ್ಟುಹಬ್ಬಕ್ಕೆಂದು ಹಳೆಯ ಚಿತ್ರಗಳನ್ನು ತೋರಿಸುತ್ತಿದ್ದರು.

ವಾಹಿನಿ ಶುರುವಾದ ಹೊಸತರಲ್ಲಿ ದೇಶವನ್ನೆಲ್ಲ ದೇಶಕ್ಕೆ ತೋರಿಸುವ ಹುರುಪು ಅವರಿಗೆ. ಶೆಟ್ಟಿಕೆರೆ ಕಡೆಯ ನಮ್ಮ ಮನೆಗೂ ಕ್ಯಾಮರಾ ಹೊತ್ತು ಬಂದರು. ನಮ್ಮಲ್ಲಿ ಅಟ್ಟಕ್ಕೆ ಹಾಕಿದ ಕಾಯಿಯನ್ನು ವರ್ಷದ ಹತ್ತಿರ ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗಿನ ಒಣಕೊಬ್ಬರಿಯ ಗಿಟುಕು ಸದ್ದು ಮಾಡಬೇಕು. ನಮ್ಮನ್ನು ಏಣಿ ಹತ್ತಲೂ ಬಿಡದ ದೊಡ್ಡವ್ವ ಅವತ್ತು ಇನ್ನೂ ಒಣಗದ ಕಾಯಿಗಳನ್ನೇ ಇಳಿಸಿ ಒಡೆಸಿದಳು. ಒಂದೇ ಷರತ್ತು, ತಾನು ಎರಡು ಮಾತಾಡಬೇಕು.

ಮೆಚ್ಚಿದವನನ್ನು ಕಟ್ಟಿಕೊಂಡು ಹೋದ ಮಗಳಿಗೆ "ಹೊಸ್ಲು ತುಳೀಬ್ಯಾಡ" ಎಂದಿದ್ದವಳು ಅವಳೇ. ಕಾಗದ ಬರೆಸೋಣವೆಂದರೆ, "ಬರಬ್ಯಾಡ ಅಂದಿದ್ದು ಈ ಬಾಯಿ. ಈ ಬಾಯೇ ಕರೀಬೇಕು ಕಣ್ಲಾ" ಎನ್ನುತ್ತಿದ್ದಳು. ಕ್ಯಾಮರಾ ನೋಡಿ ಕರೆದೇ ಬಿಟ್ಟಳು: "ಗಿರಿಜಾ, ತಪ್ಪಾಯ್ತು. ಬಂದೋಗು ಕಣೇ."

ಪ್ರಸಾರದ ದಿನ ಪಂಚಾಯ್ತಿ ಟೀವಿಯ ಮುಂದೆ ಊರೇ ಕುಳಿತಿತ್ತು. ದೊಡ್ಡವ್ವನ ತುಟಿ ಅಲ್ಲಾಡಿತು. ಅದರ ಮೇಲೆ ಯಾವನೋ ಹಿಂದಿಯಲ್ಲಿ ಮಾತಾಡಿಕೊಂಡು ಹೋದ. ಆಂಟೆನಾ ತಿರುಗಿಸಲು ಬರುತ್ತದೆಂಬ ಒಂದೇ ಕಾರಣಕ್ಕೆ ನಮ್ಮೂರಿಗೆ ಪಂಡಿತನಾಗಿದ್ದ ನಂಜಪ್ಪ ಸಮಾಧಾನ ಹೇಳಿದ: "ಒಂದೊಂದ್ ಊರಿಗೆ ಒಂದೊಂದ್ ದನಿ ಬುಡ್ತಾರೆ ಕಣವ್ವ. ನಾಗಪುರಕ್ಕೆ ನಿಂದೇ ಹೋಗಿರ್ತದೆ."

ನಾವೂ ಹೌದೆಂದು ತಲೆಯಾಡಿಸಿದೆವು. ದೊಡ್ಡವ್ವ ನಂಬಿದಳು. ದಿನಾ ಬಸ್ಸಿನ ಹೊತ್ತಿಗೆ ಜಗುಲಿಗೆ ಬರುತ್ತಿದ್ದಳು. ಕಡೆಗೊಂದು ದಿನ, "ಕೇಳುಸ್ಕಂಡೂ ಬರ್ನಿಲ್ಲ, ಬುಡು" ಎಂದು ಒಳಗೆ ಹೋದಳು. ಗಿರಿಜಕ್ಕ ಬಂದಿದ್ದು ಮಣ್ಣಿಗೆ. ಕರೆದರೂ ಬಾರದವಳೆಂದು ಅವಳೊಡನೆ ನಾವ್ಯಾರೂ ಸರಿಯಾಗಿ ಮಾತಾಡಲಿಲ್ಲ. ಆ ಸಿಟ್ಟು ಆರಿದ ಮೇಲೂ ಟೀವಿಯ ಮಾತನ್ನು ಯಾರೂ ಎತ್ತಲಿಲ್ಲ.

ನಿನ್ನೆ ಅದೇ ತುಟಿ, ಅದೇ ಹಿಂದಿ. ಇಷ್ಟು ವರ್ಷ ಆ ವಾಹಿನಿಯನ್ನೇ ನೋಡಿ ನೋಡಿ ನನಗೂ ಹಿಂದಿ ಬಂದಿದೆ. 'ತೆಂಗಿನ ಮರಗಳೇ ನನ್ನ ಮಕ್ಕಳು, ನನಗೆ ಇನ್ಯಾರೂ ಬೇಡ ಎನ್ನುತ್ತಾರೆ ಈ ತಾಯಿ' ಎನ್ನುತ್ತಿದ್ದ ಮಹಾನುಭಾವ.

"ಅವ್ವ ನಿನ್ನ ಕರೀತಾವ್ಳೆ ಕಣಕ್ಕ," ಎಂದೆ. "ತಪ್ಪಾಯ್ತು, ಬಂದೋಗು ಅಂತಾವ್ಳೆ."

ಅತ್ತ ಕಡೆ ಟೀವಿಯ ಸದ್ದು ಆರಿತು.

"ಅವತ್ತೂ ನೋಡಿದ್ದೆ ಕಣೋ," ಎಂದಳು ಗಿರಿಜಕ್ಕ. "ಆ ಹಿಂದಿಯೋನು ಹೇಳಿದ್ದನ್ನೇ ಅವ್ವನ ಮಾತು ಅನ್ಕಂಡೆ."